ಶುಕ್ರವಾರದ ಹೊಟ್ಟು

ಚಳ್ಳಕೆರೆಯಲ್ಲಿ ನಮ್ಮ ಹಿತ್ತಲಿಗೂ ಎಣ್ಣೆ ಮಿಲ್ಲಿನ ಕಾಂಪೌಂಡಿಗೂ ನಡುವೆ ಒಂದು ಗಾಡಿ ದಾಟುವಷ್ಟು ಓಣಿ. ಮಿಲ್ಲಿನಲ್ಲಿ ಶೇಂಗಾ ಒಡೆಯುವ ಮಿಷನ್ನು ಶುರುವಾಯಿತೆಂದರೆ ನಮ್ಮ ಪಾತ್ರೆಗಳ ಮೇಲೆಲ್ಲ ಕಂದು ಧೂಳು. ಮಿಷನ್ನು ನಿಂತ ಊಟದ ಹೊತ್ತಿನಲ್ಲಿ ಬಟ್ಟೆ ಒಣಹಾಕುವುದು, ಸದ್ದು ಕೇಳಿದ ಕೂಡಲೇ ಕುಡಿಯುವ ನೀರು ಮುಚ್ಚುವುದು ನಮ್ಮ ಬೀದಿಯ ಹೆಂಗಸರಿಗೆ ರೂಢಿಯಾಗಿತ್ತು. ಆ ಧೂಳನ್ನು ಯಾರೂ ಬೈಯುತ್ತಿರಲಿಲ್ಲ. ಅದರ ಹಿಂದೆಯೇ ಹೊಟ್ಟು ಬರುತ್ತಿತ್ತಲ್ಲ, ಅದಕ್ಕೆ.

ನಮ್ಮದು ಮಂಡಕ್ಕಿ ಭಟ್ಟಿ. ನನ್ನ ಅತ್ತೆ ಆಂಧ್ರದ ಗಡಿಯ ಮೊಳಕಾಲ್ಮೂರಿನ ಕಡೆಯಿಂದ ಸೊಸೆಯಾಗಿ ಬಂದವರು. ಮಾವ ತೀರಿಕೊಂಡ ಮೇಲೆ ಭಟ್ಟಿಯನ್ನು ಅವರೊಬ್ಬರೇ ನಡೆಸಿದರು, ನಾನು ಬಂದ ಮೇಲೆ ಇಬ್ಬರೂ. ಅತ್ತೆ ಭಟ್ಟಿಯ ಬಾಯಿಯ ಹತ್ತಿರ ಕೂತು ಶೇಂಗಾ ಹೊಟ್ಟನ್ನು ಹಿಡಿಹಿಡಿಯಾಗಿ ಒಳಕ್ಕೆ ಚೆಲ್ಲುತ್ತಿದ್ದರು. ನಾನು ಮೇಲೆ, ಉಪ್ಪುನೀರು ಸವರಿ ಹದ ಮಾಡಿದ ಅಕ್ಕಿಯನ್ನು ಬಾಣಲೆಯ ಕಾದ ಮರಳಿಗೆ ಸುರಿದು, ಅರಳಿದ್ದೇ ತಡ ಬಾಚಿ ಜರಡಿಗೆ ಹಾಕುತ್ತಿದ್ದೆ. ಹೊಟ್ಟಿನ ಉರಿ ಹೇಳಿದ ಮಾತು ಕೇಳುತ್ತದೆ. ಒಂದು ಹಿಡಿ ಹಾಕಿದರೆ ಏಳುತ್ತದೆ, ಕೈ ತಡೆದರೆ ಇಳಿಯುತ್ತದೆ. ಮಂಡಕ್ಕಿಗೆ ಅಂಥ ಉರಿಯೇ ಬೇಕು. ಮರಳು ಚೂರು ಹೆಚ್ಚು ಕಾದರೆ ಸೀಯುತ್ತದೆ, ಚೂರು ಆರಿದರೆ ಅಕ್ಕಿ ಅಕ್ಕಿಯಾಗಿಯೇ ಉಳಿಯುತ್ತದೆ.

ನಮ್ಮ ಯಜಮಾನರು ಅದೇ ಮಿಲ್ಲಿನಲ್ಲಿ ಫಿಟ್ಟರ್. ಅವರಿಗೆ ಕೆಲಸವಿದ್ದದ್ದು ಕಾಯಿ ಬಂದಷ್ಟು ದಿನ. ಕಾಯಿ ಮುಗಿದರೂ ಹೊಟ್ಟಿನ ಗುಡ್ಡ ಮಾತ್ರ ವರ್ಷವಿಡೀ ಮಿಲ್ಲಿನ ಅಂಗಳದಲ್ಲಿ ಬಿದ್ದಿರುತ್ತಿತ್ತು. ಪ್ರತಿ ಶುಕ್ರವಾರ ಸಂಜೆ ಮಿಷನ್ನಿಗೆ ಪೂಜೆ. ಪೂಜೆಗೆ ಮುಂಚೆ ನಮ್ಮ ಬೀದಿಯ ಹೆಂಗಸರು ಹೋಗಿ ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಬಿಡುವುದು. ಪೂಜೆ ಮುಗಿದ ಮೇಲೆ ಚೀಲಗಳಿಗೆ ಹೊಟ್ಟು ತುಂಬಿಕೊಂಡು ಬರುವುದು. ಕೂಲಿ ಅಂತ ಯಾರೂ ಕೊಟ್ಟದ್ದಲ್ಲ, ದಾನ ಅಂತ ಯಾರೂ ತಂದದ್ದಲ್ಲ. ಮಿಲ್ಲಿನ ಸಾವ್ಕಾರರ ತಂದೆಯ ಕಾಲದಿಂದ ಹಾಗೇ ನಡೆದಿತ್ತು. ಬೀದಿಯ ಒಲೆಗಳೆಲ್ಲ ಅದರಲ್ಲೇ ಉರಿದವು. ಮಿಲ್ಲು ನಿಂತ ತಿಂಗಳುಗಳಲ್ಲಿ ನಮ್ಮ ಮನೆ ನಡೆದದ್ದು ಭಟ್ಟಿಯಿಂದ, ಭಟ್ಟಿ ನಡೆದದ್ದು ಆ ಶುಕ್ರವಾರದ ಹೊಟ್ಟಿನಿಂದ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ಮಿಲ್ಲಿಗೆ ಹೊಸ ಮಿಷನ್ನೊಂದು ಬಂತು. ಅದು ಹೊಟ್ಟನ್ನು ಒತ್ತಿ ತೋಳಿನಷ್ಟು ದಪ್ಪದ ಕೊರಡುಗಳಾಗಿ ಉಗುಳುತ್ತಿತ್ತು. ಲಾರಿಗಳು ಬಂದು ಆ ಕೊರಡುಗಳನ್ನು ದೂರದ ಒಂದು ಫ್ಯಾಕ್ಟರಿಗೆ ಒಯ್ಯತೊಡಗಿದವು. ರಟ್ಟಿನ ಡಬ್ಬಿ ಮಾಡುವ ಪರದೇಶದ ಕಂಪನಿಯಂತೆ, ಎಷ್ಟೋ ದೇಶಗಳಲ್ಲಿ ಅವರ ಫ್ಯಾಕ್ಟರಿಗಳಂತೆ. ಊಟಕ್ಕೆ ಕೂತಾಗ ಯಜಮಾನರು ವಿವರಿಸಿದರು.

"ಅವ್ರು ಎಲ್ಲಾ ದೇಶದಾಗೂ ಕಲ್ಲಿದ್ದಲು ಸುಡೋದು ಬಿಡ್ತಾರಂತೆ ಕಣವ್ವ. ಒಂದ್ಕಡೆ ಭತ್ತದ ಹೊಟ್ಟು, ಒಂದ್ಕಡೆ ಕಬ್ಬಿನ ಸಿಪ್ಪೆ, ಇನ್ನೊಂದ್ಕಡೆ ಮರದ ಪುಡಿ. ನಮ್ಮ ಕಡೆಗೆ ಶೇಂಗಾ ಹೊಟ್ಟು. ಹೊಗೆ ಕಮ್ಮಿ ಮಾಡ್ತೀವಿ ಅಂತ ಮಾತು ಕೊಟ್ಟವ್ರೆ."

"ಯಾರಿಗೆ ಕೊಟ್ಟವ್ರೆ?" ಅತ್ತೆ ಕೇಳಿದರು.

"ಲೋಕಕ್ಕೆ."

"ಆ ಲೋಕದಾಗೆ ನಮ್ಮ ಬೀದಿ ಬರಾಕಿಲ್ವೇನು?"

ಯಜಮಾನರು ಮುದ್ದೆ ಮುರಿದು ಸಾರಿಗೆ ಅದ್ದಿದರು. ಹಿಂದಿನ ಶುಕ್ರವಾರವೇ ಮಿಲ್ಲಿನ ಗೇಟು ನಮಗೆ ತೆರೆದಿರಲಿಲ್ಲ. ಪೊರಕೆ ಹಿಡಿದು ಹೋದವರನ್ನು ವಾಚ್‌ಮನ್ನು ನಿಲ್ಲಿಸಿ, "ಇನ್ಮೇಲೆ ಗುಡಿಸಾಕೆ ಆಳು ಮಡಗವ್ರೆ, ನೀವು ಬರಂಗಿಲ್ಲ" ಅಂದಿದ್ದ.

ಆಮೇಲೆ ಬಂದದ್ದು ಜಾಲಿ. ಮೊದಲು ಕೆರೆಯಂಗಳದ ಬಳ್ಳಾರಿ ಜಾಲಿ ಕಡಿದೆವು. ಎಲ್ಲರೂ ಅದಕ್ಕೇ ಬಿದ್ದದ್ದರಿಂದ ಅದು ಬೇಗ ಬೋಳಾಯಿತು. ಆಮೇಲೆ ಪ್ರೈವೇಟ್ ಬಸ್ಸು ಹತ್ತಿ ಉಳ್ಳಾರ್ತಿ ಕಾವಲ್ ಎಂಬ ಹುಲ್ಲುಗಾವಲಿನ ಕಡೆಗೆ ಹೋದೆವು. ಹೊರೆಯನ್ನು ಬಸ್ಸಿನ ಟಾಪಿಗೆ ಹಾಕುವಾಗ ಕಂಡಕ್ಟರು, "ಅಕ್ಕಾರೆ, ಮುಳ್ಳಿಗೂ ಒಂದು ಟಿಕೀಟು ತಗಳ್ರಿ, ಟಾಪಿನಾಗೆ ಅದೇ ಸೀಟು ಹಿಡಿದೈತೆ" ಅಂತ ರೇಗಿಸುತ್ತಿದ್ದ. ಕಾವಲಿನ ಅಂಚಿನಲ್ಲಿ ಕುರಿ ಮೇಯಿಸುತ್ತಿದ್ದ ದೊಡ್ಡಉಳ್ಳಾರ್ತಿಯ ಹೆಂಗಸೊಬ್ಬಳು ಮಾತ್ರ ರೇಗಿಸಲಿಲ್ಲ, ಕೋಲು ಅಡ್ಡ ಹಿಡಿದಳು. "ಜಾಲಿ ಕಾಯಿ ಉದುರಿದ್ರೆ ನಮ್ಮ ಕುರಿ ತಿಂತಾವೆ. ಪ್ಯಾಟೆಯೋರು ನೀವು ನಮ್ಮ ಮರ ಕಡದ್ರೆ ನಾವೇನು ಮಿಲ್ಲಿಗೆ ಬಂದು ಮೇಯ್ಸಾನಾ?" ಎಂದಳು. ಕಡಿದಷ್ಟನ್ನೇ ಹೊರೆ ಕಟ್ಟಿಕೊಂಡು ಹೊರಟೆವು. ಹಿಂದಿರುಗಿ ಬರುವಾಗ ಕೈಗೆಲ್ಲ ಗೀರು.

ಜಾಲಿಯ ಉರಿ ಮಾತು ಕೇಳುವುದಿಲ್ಲ. ಹಸಿ ಇದ್ದರೆ ಹೊಗೆ, ಒಣಗಿದ್ದರೆ ಒಮ್ಮೆಗೇ ಧಗ್ಗೆನ್ನುತ್ತದೆ. ಒಂದು ಬಾಣಲೆ ಸೀದರೆ ಇನ್ನೊಂದು ಬಾಣಲೆ ಅರಳುತ್ತಿರಲಿಲ್ಲ. ನಮ್ಮಲ್ಲಿ ಮಂಡಕ್ಕಿ ಒಯ್ಯುತ್ತಿದ್ದ ಹೋಟೆಲಿನವನು ಚೀಲದೊಳಗೆ ಕೈ ಆಡಿಸಿ, "ಏನಮ್ಮಾ, ಮಂಡಕ್ಕಿ ಜತೆ ಮೆಣಸೂ ಹಾಕಿ ಕೊಡ್ತೀರಾ ಈಗ?" ಅಂತ ಕರಿ ಕಾಳುಗಳನ್ನು ಆರಿಸಿ ತೋರಿಸಿದ. ಅತ್ತೆ ನಗಲಿಲ್ಲ. ಹೀಗೇ ಆದರೆ ಮುಂದಿನ ಸುಗ್ಗಿಯ ಹೊತ್ತಿಗೆ ಭಟ್ಟಿ ಮುಚ್ಚಬೇಕಾಗುತ್ತದೆ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಅಂಥದ್ದರಲ್ಲಿ ಒಂದು ದಿನ ಯಜಮಾನರು ಸುದ್ದಿ ತಂದರು. ಕಂಪನಿಯವರು ನಮ್ಮ ಬೀದಿಗೆ ಬರುತ್ತಾರೆ.

"ಅವ್ರು ನೋಡಾದು ಒಂದೇ. ಈ ಹೊಟ್ಟು ಮೊದ್ಲು ಯಾರಿಗಾದ್ರೂ ಬೇಕಾಗಿತ್ತಾ ಅಂತ. ಬೇಕಾಗಿತ್ತು ಅಂದ್ರೆ ಅಂಥೋರ ಪಾಲು ಬಿಟ್ಟು ಮಿಕ್ಕಿದ್ದು ತಗಾಬೇಕಂತೆ. ಎಲ್ಲಾ ದೇಶಕ್ಕೂ ಒಂದೇ ರೂಲ್ಸು."

"ಸಾವ್ಕಾರ್ರು ಏನಂತ ಹೇಳವ್ರೆ?" ಎಂದೆ ನಾನು.

"ವೇಸ್ಟು, ಯಾರೂ ಮುಟ್ಟಾಕಿಲ್ಲ ಅಂತ." ಅವರು ನನ್ನ ಮುಖ ನೋಡದೆ ಹೇಳಿದರು. "ನೀನು ಮಧ್ಯ ಬಾಯಿ ಹಾಕಬ್ಯಾಡ. ನನ್ನ ಹಾಕಿರಾದು ಹೊಸ ಮಿಷನ್ನಿಗೆ. ಲಾರಿ ನಿಂತ್ರೆ ಮಿಷನ್ನು ನಿಲ್ತೈತೆ, ಮಿಷನ್ನು ನಿಂತ್ರೆ ನಾನು ನಿಂತಂಗೆ."

ಹಾಗಾದರೆ ಸುಮ್ಮನಿರಬೇಕೋ, ಹೇಳಬೇಕೋ? ಅದನ್ನು ತೀರ್ಮಾನಿಸಿದ್ದು ಅತ್ತೆ, ನಲ್ಲಿಯ ಹತ್ತಿರ, ಬೀದಿಯ ಹೆಂಗಸರೆಲ್ಲ ಕೊಡ ಇಟ್ಟುಕೊಂಡು ಕೂತಿದ್ದಾಗ. "ಕೇಳಾದಂತೂ ಕೇಳಾನ. ಆದ್ರೆ ಮನೆಗೆ ಬಂದೋರಿಗೆ ಬಾಯಿಗೆ ನೀರು ಕೊಡದೆ ನ್ಯಾಯ ಕೇಳಬಾರದು. ಮೊದ್ಲು ಟೀ. ಟೀ ಕುಡಿದ ಮ್ಯಾಲೆ ನಮ್ಮ ಮನ್ಯಾಗೆ ನಾನು ಕೇಳ್ತೀನಿ, ನಮ್ದೇ ಕೊನೇ ಮನೆ." ಎಲ್ಲರಿಗೂ ಸರಿಕಂಡಿತು. ಆದರೆ ಟೀ ಕಾಸುವುದು ಯಾವುದರಲ್ಲಿ? ಜಾಲಿಯ ಹೊಗೆಯಲ್ಲಿ ದೂರದಿಂದ ಬಂದವರ ಕಣ್ಣು ಉರಿಸಿ ಟೀ ಕೊಡುವುದು ಮರ್ಯಾದೆಯೇ? ಬಾಗಿಲಲ್ಲಿ ಮುಳ್ಳಿನ ಹೊರೆ ಕಂಡರೆ ಮನೆಗೇ ಶ್ರೇಯಸ್ಸಲ್ಲ ಎಂದು ನಮ್ಮ ಕಡೆ ಮೊದಲಿಂದ ಮಾತು. ಆಗ, ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಪಕ್ಕದ ಮನೆಯವರು ಮುಂದೆ ಬಂದರು. ಅವರ ಯಜಮಾನರದು ಲಾರಿ ಗ್ಯಾರೇಜು. ಚಿಕ್ಕ ಸಿಲಿಂಡರಿನ ತಲೆಯ ಮೇಲೇ ಬರ್ನರ್ ಇರುವಂಥ ಗ್ಯಾಸ್ ಒಲೆಯೊಂದು ಅವರ ಮನೆಯಲ್ಲಿತ್ತು. ಬೀದಿಗೆಲ್ಲ ಇದ್ದದ್ದು ಅದೊಂದೇ. "ನಮ್ದು ತಗೊಳ್ರೀ. ಒಂದು ಮನೇದು ಆಯ್ತು ಅಂದ್ರೆ ಹಿಂದಿನ ಗೋಡೆ ಮೇಲಿಂದ ಜಲ್ದಿ ಆಕಡೆ ಕೊಟ್ಟುಬಿಡ್ರಿ" ಎಂದರು ಖಾಲಾ.

ಬರುವ ದಿನ ಬೆಳಿಗ್ಗೆಯೇ ಒಲೆಗಳನ್ನು ಸಾರಿಸಿ ರಂಗೋಲಿ ಎಳೆದೆವು. ಜಾಲಿಯ ಹೊರೆಗಳೆಲ್ಲ ಬಚ್ಚಲ ಹಿಂದೆ ಹೋದವು. ನಮ್ಮ ಭಟ್ಟಿಯ ಮೇಲೆ ಅತ್ತೆ ತಗಡು ಮುಚ್ಚಿ, ತಗಡಿನ ಮೇಲೆ ಒಗೆದ ಕಂಬಳಿ ಹರವಿದರು.

ಬಂದವರು ಮೂವರು: ಕಂಪನಿಯ ಪರದೇಶದ ಹೆಂಗಸು, ಅವಳ ಮಾತನ್ನು ಕನ್ನಡಕ್ಕೆ ತಿರುಗಿಸುವ ಆಫೀಸರು, ಮತ್ತು ನಮ್ಮ ಮಿಲ್ಲಿನ ಸಾವ್ಕಾರರು. ಹಿಂದೆ ನಮ್ಮ ಯಜಮಾನರು, ಕೈ ಕಟ್ಟಿಕೊಂಡು. ಆ ಹೆಂಗಸು ನನ್ನ ವಯಸ್ಸಿನವಳೇ. ಹತ್ತಿಯ ಅಂಗಿ, ಧೂಳು ಹಿಡಿದ ಬೂಟು, ಬಿಸಿಲಿಗೆ ಕೆಂಪಾದ ಮೂಗು. ಒಳಗೆ ಬರುವಾಗ ಬೂಟು ಬಿಚ್ಚಿಯೇ ಬರುತ್ತಿದ್ದಳು.

ಗೋಡೆಯ ಹಿಂದೆ ನಾವು ಪಟ್ಟ ಪಾಡು ನಮಗೇ ಗೊತ್ತು. ಮುಂಬಾಗಿಲಲ್ಲಿ ಅವರು ಒಂದು ಮನೆಗೆ ನಮಸ್ಕಾರ ಹೇಳಿ ಹೊರಡುವಾಗ ಹಿತ್ತಲಲ್ಲಿ ಖಾಲಾ, "ಹಿಡ್ಕೋ, ಹಿಡ್ಕೋ, ಅರೇ ಬಿಸಿ ಐತೆ, ಸೆರಗಿನಾಗೆ ಹಿಡ್ಕೋ!" ಅಂತ ಒಲೆಯನ್ನು ಗೋಡೆ ದಾಟಿಸುವುದು, ಈಚೆ ನಿಂತವಳು ಅದನ್ನು ಹಸುಗೂಸಿನಂತೆ ಎತ್ತಿ ಒಳಕ್ಕೆ ಓಡುವುದು. ಪ್ರತಿ ಮನೆಯಲ್ಲೂ ಆ ಹೆಂಗಸು ಒಲೆಯ ಕಡೆ ಕತ್ತು ಹಾಕಿ ನೋಡಿದಳು, ನೀಲಿ ಉರಿ ಕಂಡಳು, ತಲೆಯಾಡಿಸಿ ಏನೋ ಬರೆದುಕೊಂಡಳು. ಪ್ರತಿ ಮನೆಯಲ್ಲೂ ಟೀ ಕುಡಿದಳು.

ನಮ್ಮ ಮನೆಗೆ ಬರುವ ಹೊತ್ತಿಗೆ ಮಧ್ಯಾಹ್ನ. ಒಲೆ ಬಂದಿತ್ತು, ಹಾಲಿಟ್ಟಿದ್ದೆ. ಆಫೀಸರಿಗೆ ಯಾರದೋ ಫೋನು ಬಂತು. ಅವರು ಹೊರಗೆ ನಿಂತು ತೆಲುಗಿನಲ್ಲಿ ಜೋರಾಗಿ ಮಾತಾಡಿ ಒಳಗೆ ಬಂದರು. ಅತ್ತೆ ಚಾಪೆ ಹಾಸಿ, "ಕುಂದರ್ರಿ, ಟೀ ಆಗ್ತೈತೆ" ಎಂದರು.

"ಅಯ್ಯೋ ಬೇಡಮ್ಮಾ, ಕೈ ಮುಗೀತೀವಿ," ಆಫೀಸರು ನಕ್ಕರು. "ಇನ್ನೊಂದು ಲೋಟ ಕುಡಿದರೆ ಮೇಡಂ ಇಲ್ಲೇ ಮಲಗ್ತಾರೆ. ನೋಡೋದೆಲ್ಲ ನೋಡಿದ್ದಾಯ್ತು. ಎಲ್ಲರ ಮನೇಲೂ ಗ್ಯಾಸಿದೆ, ಹೊಟ್ಟಿನ ಅವಶ್ಯಕತೆ ಯಾರಿಗೂ ಇಲ್ಲ ಅಂತ ಬರ್ಕೊಂಡಿದಾರೆ. ತುಂಬ ಸಂತೋಷ ಅಂತೆ ಅವರಿಗೆ."

ಅತ್ತೆಯ ಕೈ ಚಾಪೆಯ ಮೇಲೇ ನಿಂತಿತು. ನಾನು ಅಡುಗೆಮನೆಯ ಬಾಗಿಲಲ್ಲಿ ಇಕ್ಕಳ ಹಿಡಿದು ನಿಂತೇ ಇದ್ದೆ. ನಾವು ಮರ್ಯಾದೆ ಮಾಡಿದ್ದು ಹೋಗಿ ಹೋಗಿ ಎಲ್ಲಿಗೆ ಮುಟ್ಟಿತ್ತು! ಸಾವ್ಕಾರರು ಆಫೀಸರ ಬೆನ್ನಿಗೆ ಕೈಯಿಟ್ಟು, "ನಡೀರಿ ಸಾರ್, ಊಟಕ್ಕೆ ಹೊತ್ತಾತು" ಎಂದರು. ಅತ್ತೆ ಹಾಸಿದ ಚಾಪೆಯನ್ನು ಸುತ್ತತೊಡಗಿದರು. ಬಂದವರು ನಮ್ಮ ಮನೆಯಲ್ಲಿ ಒಂದು ಗುಟುಕು ಮುಟ್ಟಿರಲಿಲ್ಲ. ಮುಟ್ಟದವರನ್ನು ಹೇಗೆ ಕೇಳುವುದು? ಹೆಂಗಸು ಹೊಸಿಲ ಹೊರಗೆ ಕೂತು ಬೂಟಿನ ದಾರ ಕಟ್ಟತೊಡಗಿದಳು. ಯಜಮಾನರು ನನ್ನನ್ನೇ ನೋಡುತ್ತಿದ್ದರು. ಬೇಡ ಅಂತ ಕಣ್ಣಲ್ಲೇ ಹೇಳುತ್ತಿದ್ದರು.

"ಟೀ ಬ್ಯಾಡಾದ್ರೆ ಬಿಸಿ ಮಂಡಕ್ಕಿ ತಿಂದು ಹೋಗ್ರಿ," ಅಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು. "ಅತ್ತೆ ಮನಿ ಬಾಗಿಲಿಗೆ ಬಂದು ಬರೀ ಬಾಯಾಗೆ ಯಾರೂ ಹೋಗಿಲ್ಲ."

ಆಫೀಸರು ತಿರುಗಿಸಿ ಹೇಳಿದರು. ಹೆಂಗಸು ಮಂಡಕ್ಕಿ ಎಂದರೇನು ಅಂತ ಕೇಳಿದಳೋ ಏನೋ, ದಾರ ಬಿಟ್ಟು ಎದ್ದಳು. ನಾನು ಹಿತ್ತಲಿಗೆ ಹೋಗಿ ಕಂಬಳಿ ಎಳೆದೆ, ತಗಡು ಸರಿಸಿದೆ. ಬಚ್ಚಲ ಹಿಂದಿನಿಂದ ಜಾಲಿ ಎಳೆದು ತಂದು ಭಟ್ಟಿಗೆ ತುರುಕಿದೆ. ಅತ್ತೆ, "ಏಯ್, ಏನ್ ಮಾಡ್ತೀಯೇ!" ಎಂದವರು ಅರೆಗಳಿಗೆ ನನ್ನ ಮುಖ ನೋಡಿ, ಸೆರಗು ಸಿಕ್ಕಿಸಿಕೊಂಡು ಭಟ್ಟಿಯ ಬಾಯಿಗೆ ಕೂತರು.

ಹೊಗೆ ಎದ್ದು ಹಿತ್ತಲು ತುಂಬಿತು. ಹೆಂಗಸು ಕೆಮ್ಮಿದಳು, ಆದರೆ ಹಿಂದೆ ಸರಿಯಲಿಲ್ಲ. ಮರಳು ಕಾಯಿತು. ಅಕ್ಕಿ ಸುರಿದೆ. ಅರ್ಧ ಅರಳಿತು, ಅರ್ಧ ಸೀದುಹೋಯಿತು. ಬೆಳ್ಳಗಿದ್ದದ್ದನ್ನು ಆರಿಸಿ ತಟ್ಟೆಗೆ ಹಾಕಿ ಮುಂದೆ ಹಿಡಿದೆ. ಅವಳು ತಿಂದಳು, ಇನ್ನೊಂದು ಹಿಡಿ ತಿಂದಳು. ಆಮೇಲೆ ಜರಡಿಯಲ್ಲಿ ಉಳಿದ ಕರಿ ಕಾಳು, ಭಟ್ಟಿಯ ಬಾಯಲ್ಲಿದ್ದ ಮುಳ್ಳು, ಅತ್ತೆಯ ಕೈಯ ಗೀರು, ಒಂದೊಂದನ್ನೇ ನೋಡಿ ಏನೋ ಕೇಳಿದಳು.

ಆಫೀಸರು ಸಾವ್ಕಾರರ ಕಡೆ ನೋಡಿದರು. ಸಾವ್ಕಾರರು, "ಹಳ್ಳಿ ಪದ್ಧತಿ ಸಾರ್, ಹಬ್ಬಕ್ಕೆ ಹಿಂಗೇ ಮಾಡ್ತಾರೆ ಅನ್ರಿ" ಎಂದರು. ಆಫೀಸರು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಕೂತಲ್ಲಿಂದಲೇ ಕೈ ಎತ್ತಿದರು.

"ಏಂ ನಾಯನಾ, ನೀಕು ತೆಲುಗು ವಚ್ಚು ಕದಾ?" ನಿನಗೆ ತೆಲುಗು ಬರುತ್ತದೆ ತಾನೆ, ಎಂದು ಕೇಳಿ, ಅವರು ಹೂಂ ಅನ್ನುವುದಕ್ಕೂ ಕಾಯದೆ ಶುರುಮಾಡಿಯೇ ಬಿಟ್ಟರು. ಶುಕ್ರವಾರದ ಪೂಜೆ, ಅಂಗಳ ಗುಡಿಸಿದ್ದು, ಹೊಟ್ಟು ತಂದದ್ದು, ಗೇಟು ಮುಚ್ಚಿದ್ದು, ಕಾವಲಿನಲ್ಲಿ ಬೈಸಿಕೊಂಡದ್ದು, ಎಲ್ಲವನ್ನೂ ಮೊಳಕಾಲ್ಮೂರಿನ ತೆಲುಗಿನಲ್ಲಿ ಉಸಿರು ಬಿಡದೆ ಹೇಳಿದರು. "ಆಮೆಕಿ ಚೆಪ್ಪು ನಾಯನಾ, ಉನ್ನದುನ್ನಟ್ಟು ಚೆಪ್ಪು," ಇದ್ದದ್ದು ಇದ್ದಂತೆ ಅವಳಿಗೆ ಹೇಳಪ್ಪ, ಎಂದು ನಿಲ್ಲಿಸಿದರು. ಮಗನ ವಯಸ್ಸಿನ ಆ ಆಫೀಸರು ಹೆಂಗಸಿನ ಕಡೆ ತಿರುಗಿದರು. ಅವಳ ಭಾಷೆಯಲ್ಲಿ ಹೇಳಿದರು. ಎಷ್ಟು ಹೇಳಿದರೋ ನನಗೆ ಗೊತ್ತಾಗಲಿಲ್ಲ, ಆದರೆ ಬಹಳ ಹೊತ್ತು ಹೇಳಿದರು.

ಸಾವ್ಕಾರರ ಮುಖ ಬಿಗಿಯಿತು. "ಅಲ್ಲಮ್ಮಾ, ಬಾಯಿಬಿಟ್ಟು ಕೇಳಿದ್ರೆ ನಾನು ಕೊಡ್ತಿರಲಿಲ್ವಾ?"

"ಬೇಡಿ ಇಸ್ಕಳಂಗಿದ್ರೆ ನಾವ್ಯಾಕೆ ಗುಡಿಸ್ತಿದ್ವಿ ಸಾವ್ಕಾರ್ರೆ?" ಎಂದರು ಅತ್ತೆ.

ಹೆಂಗಸು ಇನ್ನೊಂದು ಪ್ರಶ್ನೆ ಕೇಳಿದಳು. ಆಫೀಸರು ನಮ್ಮ ಕಡೆ ತಿರುಗಿ, "ಹಾಗಾದ್ರೆ ಆ ಗ್ಯಾಸ್ ಒಲೆಗಳು?" ಎಂದರು.

ಗೋಡೆಯಾಚೆಯಿಂದ ಖಾಲಾ ಮುಖ ಮೇಲಕ್ಕೆತ್ತಿ, "ಒಲೆಗಳು ಎಲ್ಲಿ ಬಂತು ಸಾಬ್? ಅದು ಒಂದೇ, ನಮ್ದು. ಬೆಳಿಗ್ಗೆಯಿಂದ ನಿಮಗಿಂತ ಮುಂದೆ ಮುಂದೆ ಓಡ್ತಾ ಐತೆ!" ಎಂದರು. ಆಫೀಸರಿಗೆ ನಗು ತಡೆಯಲಾಗಲಿಲ್ಲ. ಆ ಹೆಂಗಸು ಮಾತ್ರ ನಗಲಿಲ್ಲ. ಕೆಂಪಾಗಿದ್ದ ಮುಖ ಇನ್ನಷ್ಟು ಕೆಂಪಾಯಿತು. ಸಿಟ್ಟೋ, ನಾಚಿಕೆಯೋ. ಬೂಟಿನ ದಾರ ಕಟ್ಟಿಕೊಳ್ಳದೆಯೇ ಮೊದಲನೆಯ ಮನೆಗೆ ವಾಪಸ್ಸು ನಡೆದಳು. ಪ್ರತಿ ಮನೆಯ ಹಿತ್ತಲಿಗೂ ಹೋಗಿ ಮುಳ್ಳಿನ ಹೊರೆಗಳನ್ನು, ರಂಗೋಲಿಯ ಕೆಳಗಿನ ಮಸಿಯನ್ನು ನೋಡಿದಳು. ನಮ್ಮ ಬೀದಿಯ ಹೆಂಗಸರು ಬಾಗಿಲ ಮೂಲೆಗಳಲ್ಲಿ ಮುಖ ತಿರುಗಿಸಿ ನಿಂತಿದ್ದರು. ಬೆತ್ತಲೆ ನಿಂತಷ್ಟು ನಾಚಿಕೆಯಾಯಿತು ಅಂತ ಒಬ್ಬಳು ಆಮೇಲೆ ನನಗೆ ಹೇಳಿದಳು.

ಕಾರು ಹೋಯಿತು. ಯಜಮಾನರು ನನ್ನೊಂದಿಗೆ ಮಾತು ಬಿಟ್ಟರು.

ಆಮೇಲೆ ಎಷ್ಟೋ ದಿನ ಲಾರಿ ಬರಲಿಲ್ಲ. ಕೊರಡುಗಳು ಅಂಗಳದಲ್ಲೇ ಪೇರಿಸಿಟ್ಟಂತೆಯೇ ಉಳಿದವು, ಹೊಸ ಮಿಷನ್ನು ನಿಂತಿತು. ಮಿಲ್ಲಿನಲ್ಲಿ ದುಡಿಯುವ ಗಂಡಸರು ನಮ್ಮ ಜಗಲಿಯ ಮುಂದೆ ನಿಂತು, "ಏನಮ್ಮಾ, ನಿಮ್ಮ ಒಂದು ಚೀಲ ಹೊಟ್ಟಿಗೆ ನಮ್ಮ ಅನ್ನ ಸುಟ್ರಲ್ಲ!" ಅಂತ ಕೂಗಿ ಹೋದರು. ಮೊದಲು ನಮ್ಮ ಜತೆ ನಿಂತ ಹೆಂಗಸರಲ್ಲೂ ಒಬ್ಬಿಬ್ಬರು ನಲ್ಲಿಯ ಹತ್ತಿರ ನನ್ನನ್ನು ಕಂಡರೆ ಕೊಡ ಎತ್ತಿಕೊಂಡು ಹೊರಡುತ್ತಿದ್ದರು. ಅತ್ತೆ ಮಾತ್ರ ದಿನಾ ಬೆಳಿಗ್ಗೆ ಬೂದಿ ತೆಗೆದು, ಮರಳು ಜರಡಿ ಹಿಡಿದು ಸಿದ್ಧ ಮಾಡಿಡುತ್ತಿದ್ದರು. "ನಾನು ತಪ್ಪು ಮಾಡಿದ್ನಾ ಅತ್ತೆ?" ಎಂದು ಒಮ್ಮೆ ಕೇಳಿದೆ. "ಮಂಡಕ್ಕಿ ಕೊಟ್ಟೆ. ಅದ್ರಾಗೆ ತಪ್ಪೇನೈತೆ?" ಎಂದರು.

ಒಂದು ಶುಕ್ರವಾರ ಸಂಜೆ ಯಜಮಾನರು ಬೇಗ ಬಂದರು. ಜಗಲಿಯ ಮೇಲೆ ಕೂತು, ನನಗಲ್ಲ ಎಂಬಂತೆ, ಅವರವ್ವನಿಗೆ ಹೇಳಿದರು: "ಲಾರಿ ಬಂದೈತೆ. ಕಂಪನಿಯೋರು ಬೀದಿಯೋರಿಗೆ ಒಂದು ಗುಡ್ಡೆ ಬ್ಯಾರೆ ಬಿಡ್ರಿ ಅಂದವ್ರಂತೆ. ಚೀಲ ತಗಂಡು ಹೋಗ್ರಿ."

ನಾವು ಪೊರಕೆಯನ್ನೂ ಒಯ್ದೆವು. ವಾಚ್‌ಮನ್ನು ಪೊರಕೆ ಬೇಡವೆಂದ. ವಾರಕ್ಕೆ ಮನೆಗೊಂದು ಚೀಲ, ಯಾರಾದರೂ ಸರಿ, ಒಂದೇ, ಅಂದ. "ನಮ್ದು ಭಟ್ಟಿ ಕಣಪ್ಪ" ಎಂದರು ಅತ್ತೆ. "ಭಟ್ಟಿ ಅಂತ ಹೇಳಿಲ್ಲಮ್ಮಾ, ಮನೆ ಅಂತ ಹೇಳವ್ರೆ." ಲೋಕಕ್ಕೆಲ್ಲ ಒಂದೇ ರೂಲ್ಸು ಮಾಡಿದವರಿಗೆ ಮನೆ ಗೊತ್ತು, ಮನೆಯ ಹಿತ್ತಲಲ್ಲಿ ಭಟ್ಟಿ ಇರುತ್ತದೆ ಎನ್ನುವುದು ಆ ಹೆಂಗಸು ಕಣ್ಣಾರೆ ಕಂಡರೂ ಎಲ್ಲೋ ದಾರಿಯಲ್ಲಿ ಉದುರಿಹೋಗಿತ್ತು. ಅತ್ತೆ ಬಹಳ ಹೊತ್ತು ವಾದ ಮಾಡಿದರು. ಕೊನೆಗೆ ಖಾಲಾ ತಮ್ಮ ಚೀಲ ತುಂಬಿ ನಮ್ಮ ಚೀಲದ ಪಕ್ಕದಲ್ಲಿಟ್ಟು, "ನಮಗೆ ಗ್ಯಾಸ್ ಐತಲ್ಲ, ಕಂಪನಿ ಲೆಕ್ಕದಾಗೆ ಬೀದಿಗೆಲ್ಲಾ ಇತ್ತು" ಅಂತ ನಕ್ಕು ಹೋದರು.

ಸಾವ್ಕಾರರು ಯಜಮಾನರನ್ನು ಮಿಷನ್ನಿನಿಂದ ತೆಗೆದು ಚೀಲ ಹೊಲಿಯುವಲ್ಲಿಗೆ ಹಾಕಿದರು. ಗ್ರೀಸು ಹಿಡಿದಿರುತ್ತಿದ್ದ ಉಗುರುಗಳಲ್ಲಿ ಈಗ ಸೆಣಬಿನ ನಾರು. ಮಾತು ಮೆಲ್ಲಗೆ ಮರಳಿತು, ಮೊದಲು ಉಪ್ಪು ಕೊಡು, ನೀರು ಕೊಡು ಎನ್ನುವಷ್ಟು, ಆಮೇಲೆ ಇನ್ನೂ ಒಂದಿಷ್ಟು.

ವಾರವಾರದ ಆ ಎರಡು ಚೀಲದಲ್ಲಿ ಭಟ್ಟಿ ವಾರಕ್ಕೆ ಮೂರು ದಿನ ಉರಿಯಿತು. ಆ ಮೂರು ದಿನದ ಮಂಡಕ್ಕಿಯಲ್ಲಿ ಕರಿ ಕಾಳು ಇರುತ್ತಿರಲಿಲ್ಲ. ಉಳಿದ ದಿನ ಗಿರಾಕಿ ಬಂದು ಕೂಗಿದರೆ ಅತ್ತೆ ಒಳಗಿಂದಲೇ, "ಇವತ್ತು ಉರಿ ಇಲ್ಲಪ್ಪ, ನಾಳಿದ್ದು ಬಾ" ಎನ್ನುತ್ತಿದ್ದರು. ಕೆಲವರು ಬೇರೆ ಭಟ್ಟಿ ಹುಡುಕಿಕೊಂಡರು. ಕೆಲವರು ನಾಳಿದ್ದು ಬರುತ್ತಿದ್ದರು.